ಗಿರವಿ ಇಟ್ಟಿದ್ದು ದೇವರ ಪಾಟ್ಲಿಯಲ್ಲ

"ದೇವರ ಹತ್ತಿರ ಕ್ಷಮೆ ಕೇಳಿದ್ದೇನೆ. ಆತ ಕ್ಷಮಿಸಿದ್ದಾನೆ. ಇನ್ನು ಇವಳದೇನು?"

ನಾನು ಚರ್ಚಿನ ಆಪ್ತಸಲಹೆಗಾರ್ತಿ. ಸಲಹೆಗೆ ಬರುವವರಿಂದ ಈ ಮಾತನ್ನು ಮತ್ತೆ ಮತ್ತೆ ಕೇಳುತ್ತೇನೆ. ಕುಡಿತ ಬಿಟ್ಟ ಗಂಡ ಹೇಳುತ್ತಾನೆ. ಬೇರೊಬ್ಬಳ ಸಹವಾಸ ಬಿಟ್ಟು ಬಂದವನು ಹೇಳುತ್ತಾನೆ. ಸಾಲ ಮುಚ್ಚಿಟ್ಟವನು ಹೇಳುತ್ತಾನೆ. ಅಪರೂಪಕ್ಕೆ ಹೆಂಡತಿಯೂ ಹೇಳುವುದುಂಟು. ಇವರು ನಾಟಕ ಮಾಡುವವರಲ್ಲ. ನಿಜವಾಗಿಯೂ ಮೊಣಕಾಲೂರಿ ಅತ್ತವರು, ಉಪವಾಸ ಮಾಡಿದವರು. ಆದರೂ ಮನೆ ಸರಿಹೋಗಿರುವುದಿಲ್ಲ. ಆಗ ಸುತ್ತಲಿನವರು ನೋವು ತಿಂದವರನ್ನೇ ದೂರುತ್ತಾರೆ. ಅವಳ ಮನಸ್ಸು ಕಲ್ಲು, ಅವಳಿಗೆ ವಿಶ್ವಾಸ ಸಾಲದು, ಅವಳು ಕ್ಷಮಿಸಿದರೆ ಎಲ್ಲ ಮುಗಿಯಿತು ಅಂತ.

ಯೇಸುವಿನ ಮೇಲಿನ ನಂಬಿಕೆ ಮುರಿದ ಮದುವೆಯನ್ನು ಮತ್ತೆ ನಿಲ್ಲಿಸಬಲ್ಲದು. ಇದನ್ನು ನಾನು ಸುಮ್ನೆ ಹೇಳುತ್ತಿಲ್ಲ, ಕಣ್ಣಾರೆ ನೋಡಿದ್ದೇನೆ. ಆದರೆ ಆ ನಂಬಿಕೆ ಮೊದಲು ತಪ್ಪು ಮಾಡಿದವರ ಮೇಲೆ ಕೆಲಸ ಮಾಡಬೇಕು. ಅದನ್ನು ತಿರುಗಿಸಿ ನೋವು ತಿಂದವರ ಬಾಯಿ ಮುಚ್ಚಿಸಲು ಬಳಸಿದರೆ ಮದುವೆಯೂ ಹೋಗುತ್ತದೆ, ನಂಬಿಕೆಯೂ ಹೋಗುತ್ತದೆ. ಇಲ್ಲಿ ಹೇಳಲಿರುವ ಪ್ರಕರಣದಲ್ಲಿ ಎರಡೂ ಹೋಗುವುದರಲ್ಲಿದ್ದವು. ಗಂಡ ಹೆಂಡತಿ ಇಬ್ಬರೂ ಓದಿ ಒಪ್ಪಿದ ಮೇಲೆ ಇದನ್ನು ಹೊರಗೆ ಕೊಡುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಇಬ್ಬರೂ ನನಗಿಂತ ಬಹಳ ಚಿಕ್ಕವರು, ಹಾಗಾಗಿ ಏಕವಚನದಲ್ಲೇ ಬರೆಯುತ್ತೇನೆ.

ಧಾರವಾಡ ಸೀಮೆಯ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಕುಟುಂಬ. 1837ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಧಾರವಾಡಕ್ಕೆ ಬಂತು. ಆ ಕಾಲದಿಂದ ಚರ್ಚಿನ ರಿಜಿಸ್ಟರಿನಲ್ಲಿ ಹೆಸರಿರುವ ಮನೆತನಗಳು ನಮ್ಮ ಕಡೆ ಇವೆ. ಇವರಿಬ್ಬರೂ ಅಂಥ ಮನೆಗಳವರು. ಇದನ್ನು ಹೇಳಲು ಕಾರಣವಿದೆ. ಇಂಥ ಸಭೆಗಳಲ್ಲಿ, ಅಂದರೆ ಒಂದು ಚರ್ಚಿಗೆ ಸೇರಿದ ಜನರಲ್ಲಿ, ಎಲ್ಲರೂ ಎಲ್ಲರಿಗೂ ಬೀಗರು. ಒಬ್ಬರ ಮನೆಯ ಜಗಳ ಭಾನುವಾರದ ಹೊತ್ತಿಗೆ ಇಡೀ ಸಭೆಗೆ ಗೊತ್ತು. ಅದಕ್ಕೇ ಕಷ್ಟ ಬಂದರೆ ಜನ ಮೊದಲು ಮುಚ್ಚಿಡುತ್ತಾರೆ.

ಗಂಡನಿಗೆ ತಿಂಗಳ ಸಂಬಳದ ಕೆಲಸ. ಹೆಂಡತಿ ಒಂದು ಶಾಲೆಯಲ್ಲಿ ಟೀಚರ್. ಇಬ್ಬರು ಮಕ್ಕಳು. ಗಂಡ ಗೆಳೆಯನೊಬ್ಬನ ಸಾಲಕ್ಕೆ ಜಾಮೀನು ಹಾಕಿದ. ಗೆಳೆಯ ಊರು ಬಿಟ್ಟ. ಕಂತು ಇವನ ತಲೆಗೆ ಬಂತು. ಅದನ್ನು ಕಟ್ಟಲು ಮೊಬೈಲ್ ಆ್ಯಪ್‌ಗಳಲ್ಲಿ ಸಾಲ ತೆಗೆದ, ಒಂದನ್ನು ತೀರಿಸಲು ಇನ್ನೊಂದು. ಕೊನೆಗೆ ಹೆಂಡತಿಯ ಒಂದು ಜೊತೆ ಪಾಟ್ಲಿ (ಚಿನ್ನದ ಬಳೆ) ಮತ್ತು ಒಂದು ಸರವನ್ನು ಆಕೆಗೆ ತಿಳಿಯದಂತೆ ಗಿರವಿ ಇಟ್ಟ. ಪಾಟ್ಲಿ ಆಕೆಗೆ ಅವ್ವ ಕೊಟ್ಟಿದ್ದು. ವಸೂಲಿಯವರು ಅವನ ಫೋನಿನಲ್ಲಿದ್ದ ನಂಬರುಗಳಿಗೆಲ್ಲ ಕರೆ ಮಾಡತೊಡಗಿದರು. ಹಾಗೆ ಒಂದು ದಿನ ಆಕೆಯ ಹೆಡ್‌ಮಾಸ್ಟರಿಗೂ ಕರೆ ಹೋಯಿತು. ಆಕೆಗೆ ಗೊತ್ತಾಗಿದ್ದು ಹೀಗೆ.

ಆದರೆ ಸಾಲ ಗೊತ್ತಾದಾಗ ಆಕೆ ಮನೆ ಬಿಡಲಿಲ್ಲ. ಅತ್ತಳು, ಮಾತು ಬಿಟ್ಟಳು, ಅಡುಗೆ ಮಾಡಿ ಹಾಕಿದಳು. ಆಕೆ ಮನೆ ಬಿಟ್ಟಿದ್ದು ಗಂಡ ಚರ್ಚಿನಲ್ಲಿ ಸಾಕ್ಷಿ ಹೇಳಿದ ಮೇಲೆ, ಅಂದರೆ ದೇವರು ತನಗೆ ಮಾಡಿದ್ದನ್ನು ಸಭೆಯ ಮುಂದೆ ಹೇಳಿದ ಮೇಲೆ. ಡಿಸೆಂಬರ್ 31ರ ರಾತ್ರಿಯ ಆರಾಧನೆಯಲ್ಲಿ ಅವನು ಎದ್ದು ನಿಂತು, ದೇವರು ನನ್ನನ್ನು ಸಾಲದ ಸಂಕಟದಿಂದ ಬಿಡಿಸಿದ, ನನ್ನ ಪಾಪಗಳನ್ನು ತೊಳೆದ ಅಂತ ಕಣ್ಣೀರು ಹಾಕುತ್ತ ಹೇಳಿದ. ಸಭೆ ಆಮೆನ್ ಅಂದಿತು. ಹೆಂಗಸರು ಈಕೆಯ ಕೈ ಹಿಡಿದು, ನಿನ್ನ ಪ್ರಾರ್ಥನೆ ಕೇಳಿದ ನೋಡವಾ ದೇವರು ಅಂದರು. ಅದೇ ಹೊತ್ತಿಗೆ ಮನೆಯ ಕಪಾಟಿನಲ್ಲಿ ಗಿರವಿ ಅಂಗಡಿಯ ಹರಾಜಿನ ನೋಟಿಸ್ ಇತ್ತು. ಹೊಸ ವರ್ಷದ ಆರಾಧನೆ ಮುಗಿಸಿಕೊಂಡು ಆಕೆ ಮಕ್ಕಳನ್ನು ಕರೆದುಕೊಂಡು ಬೆಟಗೇರಿಯ ತವರಿಗೆ ಹೋದಳು.

ಸಭಾಪಾಲಕರು (ಪಾಸ್ಟರ್) ಇಬ್ಬರನ್ನೂ ನನ್ನ ಹತ್ತಿರ ಕಳಿಸಿದರು. ಮೊದಲು ಬೇರೆ ಬೇರೆಯಾಗಿ ಮಾತಾಡಿಸಿದೆ. ಅದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಎಲ್ಲವೂ ತಿರುಗಿದ್ದು ಇಬ್ಬರೂ ಜೊತೆಗೆ ಬಂದ ಒಂದು ಶನಿವಾರ ಸಂಜೆ.

ಅಂದು ಗಂಡನ ಸೋದರಮಾವನೂ ಬಂದಿದ್ದರು. ಸಭೆಯ ಹಿರಿಯರು, ಒಳ್ಳೆಯ ಮನುಷ್ಯ. ಅವರಿರಲಿ ಅಂತ ಹೆಂಡತಿಯೇ ಒಪ್ಪಿದ್ದಳು. ಕೂತ ತಕ್ಷಣ ಅವರೇ ಶುರು ಮಾಡಿದರು.

"ನೋಡವಾ, ದೇವರು ಕೂಡಿಸಿದ್ದನ್ನ ಮನುಷ್ಯರು ಅಗಲಿಸಬಾರದು. ಇದು ನನ್ನ ಮಾತಲ್ಲ, ಸ್ವಾಮಿ ಮಾತು. ಅವ ತಪ್ಪು ಒಪ್ಕೊಂಡಾನ. ಇನ್ನ ನೀ ಸ್ವಲ್ಪ ತಗ್ಗಿ ನಡೀಬೇಕು."

ಗಂಡ ತಲೆ ಬಗ್ಗಿಸಿಕೊಂಡೇ ಹೇಳಿದ: "ಅಕ್ಕಾರ, ನಾ ದೇವರ ಮುಂದ ಅತ್ತೀನಿ. ಉಪಾಸ ಮಾಡೀನಿ. ಆತ ಕ್ಷಮಿಸ್ಯಾನ ಅಂತ ನನಗ ಖಾತ್ರಿ ಐತಿ. ಈಕಿ ಮಾತ್ರ ಕ್ಷಮಿಸವಲ್ಲಳು."

ಹೆಂಡತಿ ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ. ಈಗ ಅವನ ಕಡೆ ತಿರುಗಿದಳು.

"ದೇವರ ಪಾಟ್ಲಿ ಗಿರವಿ ಇಟ್ಟಿದ್ರೇನ್ರಿ ನೀವು? ಇಟ್ಟಿದ್ದು ನನ್ನ ಪಾಟ್ಲಿ. ನಮ್ಮವ್ವನ ಪಾಟ್ಲಿ. ದೇವರಿಗೆ ಕೇಳೀರಿ, ಛಲೋ ಆತು. ನನಗ ಯಾವಾಗ ಕೇಳಿದ್ರಿ?"

ಯಾರೂ ಉಸಿರೆತ್ತಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಗಂಡ ಎದ್ದು ನಿಂತ. "ಪ್ರಾರ್ಥನಾ ಮಾಡೂಣ್ರಿ ಅಕ್ಕಾರ" ಅಂದು ಕಣ್ಣು ಮುಚ್ಚಿದ. ಹಿರಿಯರೂ ಎದ್ದರು. ಹೆಂಡತಿ ಅಭ್ಯಾಸಬಲದಿಂದ ಸೆರಗು ತಲೆಗೆ ಹೊದ್ದುಕೊಂಡಳು.

"ಈಗ ಬ್ಯಾಡ ತಮ್ಮಾ, ಕೂಡು" ಅಂದೆ.

ಅವನಿಗೆ ಅರ್ಥವಾಗಲಿಲ್ಲ. ಹಿರಿಯರ ಮುಖ ಕೆಂಪಾಯಿತು. ಚರ್ಚಿನ ಕೋಣೆಯಲ್ಲಿ, ಚರ್ಚಿನ ಸಲಹೆಗಾರ್ತಿ ಪ್ರಾರ್ಥನೆ ಬೇಡ ಅನ್ನುವುದೆಂದರೆ! ನಾನು ಸತ್ಯವೇದ (ಬೈಬಲ್) ತೆಗೆದು ಮತ್ತಾಯನ 5ನೇ ಅಧ್ಯಾಯದ 23 ಮತ್ತು 24ನೇ ವಚನ ಓದಲು ಅವನಿಗೇ ಕೊಟ್ಟೆ. ಸಂಡೇ ಸ್ಕೂಲಿನಿಂದ ಬಂದ ಹುಡುಗ, ಆ ವಚನ ಅವನಿಗೆ ಬಾಯಿಪಾಠ. ಕಾಣಿಕೆಯನ್ನು ಯಜ್ಞವೇದಿಯ ಹತ್ತಿರ ತಂದಾಗ, ನಿನ್ನ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆ ಅಂತ ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಡು. ಮೊದಲು ಹೋಗಿ ಅವನ ಜೊತೆ ಒಂದಾಗು. ಆಮೇಲೆ ಬಂದು ಕಾಣಿಕೆ ಕೊಡು. ಯೇಸು ಹೇಳಿದ್ದು ಇಷ್ಟು. ಅವನು ಓದುತ್ತಾ ಓದುತ್ತಾ "ಮೊದಲು" ಅನ್ನುವಲ್ಲಿ ನಿಂತ.

"ಆಕೆಗೆ ಕ್ಷಮಿಸು ಅನ್ನಬೇಡ ಈಗ. ಏನು ಮಾಡಿದೆ, ಅದನ್ನ ಹೇಳು. ನನಗಲ್ಲ, ಆಕೆಗೆ" ಅಂದೆ.

"ಸಾಲ ಮಾಡಿ ತಪ್ಪು ಮಾಡಿದೆ."

"ಎಷ್ಟು ಸಾಲ?"

"ನಾಕು ಲಕ್ಷ."

ಆಕೆ ಬ್ಯಾಗಿನಿಂದ ಮಡಚಿದ ಒಂದು ಹಾಳೆ ತೆಗೆದಳು. ಕರೆ ಮಾಡಿದವರ ಹೆಸರು, ಅವರು ಕೇಳಿದ ಮೊತ್ತ ಬರೆದಿಟ್ಟಿದ್ದಳು. ಅದರಲ್ಲೇ ಐದೂವರೆ ಲಕ್ಷದ ಲೆಕ್ಕವಿತ್ತು. ಅವನು ಮತ್ತೆ ಲೆಕ್ಕ ಹಾಕಿದ. ಇನ್ನೂ ಇದೆಯಾ ಅಂತ ಕೇಳುತ್ತಲೇ ಹೋದೆ. ಸೋದರಮಾವನಿಂದ ತೆಗೆದುಕೊಂಡ ಕೈಗಡವೂ ಹೊರಗೆ ಬಂತು. ಅದು ಹಿರಿಯರಿಗೆ ಗೊತ್ತಿತ್ತು, ಹೆಂಡತಿಗೆ ಗೊತ್ತಿರಲಿಲ್ಲ. ಕೊನೆಗೆ ನಿಂತ ಮೊತ್ತ ಏಳು ಲಕ್ಷದ ಅರವತ್ತು ಸಾವಿರ.

"ಪಾಟ್ಲಿ ಯಾವಾಗ ತೆಗೆದೆ?"

ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಆಕೆಯ ಕಡೆ ನೋಡದೆ ಹೇಳಿದ: "ನಿಮ್ಮವ್ವ ದವಾಖಾನಿಯೊಳಗ ಇದ್ದಾಗ. ನೀ ಬೆಟಗೇರಿಗೆ ಹೋಗಿದ್ದಿ. ಆವಾಗ ಕಪಾಟ ತಗದೆ."

ಆಕೆ ಎದ್ದು ಹೊರಗೆ ಹೋದಳು. ಹಿಂದೆ ಹೋಗಲು ಹೊರಟ ಹಿರಿಯರನ್ನು ತಡೆದೆ. ಆಕೆ ವಾಪಸ್ ಬಂದಾಗ ಮುಖ ತೊಳೆದುಕೊಂಡಿದ್ದಳು. ಕೂತು ಗಂಡನಿಗೆ ಒಂದೇ ಮಾತು ಹೇಳಿದಳು: "ಇದನ್ನ ಆ ರಾತ್ರಿ ಸಾಕ್ಷಿಯೊಳಗ ಹೇಳಲಿಲ್ಲಲ್ರಿ."

ಆಗ ಅವನು ಅತ್ತ. ಡಿಸೆಂಬರ್ 31ರಂದು ಅತ್ತಿದ್ದಕ್ಕೂ ಇದಕ್ಕೂ ವ್ಯತ್ಯಾಸ ಇತ್ತು. ಅಂದು ಅತ್ತಿದ್ದು ತನಗಾಗಿ, ಈಗ ಅತ್ತಿದ್ದು ಆಕೆಗೆ ತಾನು ಏನು ಮಾಡಿದೆ ಅಂತ ಕಂಡು. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಕಣ್ಣೀರು. ಅಷ್ಟು ದಿನ ಅವನ ಮುಖ ನೋಡದೆ ಕೂರುತ್ತಿದ್ದ ಹೆಂಡತಿ ಅವನನ್ನೇ ನೋಡುತ್ತಿದ್ದಳು.

ಅಂದು ಕೊಟ್ಟ ಸಲಹೆಯನ್ನು ಕೇಳಿದವರೆಲ್ಲ ಒಪ್ಪಲಿಲ್ಲ. ಎಲ್ಲ ಸಾಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯಬೇಕು, ಕೈಗಡ, ಜಾಮೀನು ಸಮೇತ. ನೋಟ್‌ಬುಕ್ ಹೆಂಡತಿಯ ಹತ್ತಿರ ಇರಬೇಕು. ಸಂಬಳದ ಖಾತೆಯ ಮೆಸೇಜು ಆಕೆಯ ಫೋನಿಗೂ ಬರಬೇಕು. ಮೊದಲು ಪಾಟ್ಲಿ ಬಿಡಿಸಬೇಕು. ಅಲ್ಲಿಯವರೆಗೆ ವಿಶೇಷ ಕಾಣಿಕೆ, ಹರಕೆ ಕಾಣಿಕೆ ಯಾವುದೂ ಬೇಡ. ಆಕೆ ತಾನಾಗಿ ಬರುವವರೆಗೆ ತವರಿನಲ್ಲೇ ಇರಲಿ, ಬಾ ಅಂತ ಯಾರೂ ಒತ್ತಾಯ ಮಾಡಬಾರದು. ಅವನು ವಾರಕ್ಕೊಮ್ಮೆ ಬೆಟಗೇರಿಗೆ ಹೋಗಿ ಮಕ್ಕಳ ಜೊತೆ ಇದ್ದು, ನೋಟ್‌ಬುಕ್ ತೆರೆದು ಆ ವಾರ ಏನು ಕಟ್ಟಿದೆ ಅಂತ ಆಕೆಗೆ ತೋರಿಸಬೇಕು. ಆಮೇಲೆ ಇಬ್ಬರೂ ಕೂತು ಯೇಸು ಕಲಿಸಿದ ಕರ್ತನ ಪ್ರಾರ್ಥನೆ ಹೇಳಬೇಕು. ಉದ್ದದ ಪ್ರಾರ್ಥನೆ ಬೇಡ. ಇನ್ನೊಂದು ಸಲ ಸಾಕ್ಷಿ ಹೇಳುವುದಿದ್ದರೆ ಆಕೆಯ ಒಪ್ಪಿಗೆ ಕೇಳಿಯೇ ಹೇಳಬೇಕು. ಹೆಂಡತಿಗೆ ಹೇಳಿದ್ದು ಒಂದೇ. ಅಪ್ಪನ ತಪ್ಪನ್ನು ಮಕ್ಕಳ ಮುಂದೆ ಆಡಬೇಡ. ನನ್ನ ಹತ್ತಿರ ಆಡು, ದೇವರ ಹತ್ತಿರ ಆಡು.

ಮರುವಾರ ಹಿರಿಯರು ಒಬ್ಬರೇ ಬಂದರು. ಸಿಟ್ಟಿನಿಂದ ಬಂದರೂ ಗೌರವದಿಂದಲೇ ಮಾತಾಡಿದರು. ಪ್ರಾರ್ಥನೆ ನಿಲ್ಲಿಸಿದ್ದು ಅವರಿಗೆ ಜಾಸ್ತಿ ನೋವಾಗಿತ್ತು. ಅವರಿಗೆ ಅಂದು ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ, ಯಾಕೆಂದರೆ ಬೇರೆ ಸಭೆಗಳ ಹಿರಿಯರೂ ಇದೇ ಕೇಳುತ್ತಾರೆ.

ಪ್ರಾರ್ಥನೆಯಲ್ಲಿ ಅಡಗಿಕೊಳ್ಳಲು ಸಾಧ್ಯವಿದೆ. ಹೆಂಡತಿ ನೇರವಾಗಿ ಪ್ರಶ್ನೆ ಕೇಳಿದಾಗ ಉತ್ತರ ಕೊಡದೆ ಕಣ್ಣು ಮುಚ್ಚಿ ದೇವರ ಜೊತೆ ಮಾತಾಡತೊಡಗಿದರೆ ಆಕೆ ಏನು ಮಾಡಬೇಕು? ಪ್ರಾರ್ಥನೆಯನ್ನು ಅರ್ಧಕ್ಕೆ ತಡೆಯುವ ಧೈರ್ಯ ಆಕೆಗಿಲ್ಲ. ಅಂಥ ಧೈರ್ಯ ಮಾಡಿದರೆ ಆಕೆಯೇ ಪಾಪಿ. ಹಾಗಾಗಿ ಆಕೆಯ ಪರವಾಗಿ ನಾನು ತಡೆದೆ. ಪೇತ್ರನ ಮೊದಲನೆಯ ಪತ್ರದ 3ನೇ ಅಧ್ಯಾಯದ 7ನೇ ವಚನ ಗಂಡಂದಿರಿಗೆ ಬರೆದದ್ದು. ಹೆಂಡತಿಗೆ ಮಾನ ಕೊಟ್ಟು, ಅರಿತು ಬಾಳಿರಿ, ಇಲ್ಲದಿದ್ದರೆ ನಿಮ್ಮ ಪ್ರಾರ್ಥನೆಗೇ ಅಡ್ಡಿ ಅಂತ ಅಲ್ಲಿ ಇದೆ. ಹೆಂಡತಿಯರು ಗಂಡನಿಗೆ ಅಧೀನರಾಗಿರಬೇಕು ಅನ್ನುವ ಆರು ವಚನಗಳನ್ನು ಮದುವೆಗಳಲ್ಲಿ, ಹೆಂಗಸರ ಕೂಟಗಳಲ್ಲಿ ಎಷ್ಟು ಸಲ ಕೇಳಿದ್ದೇವೆ! ಏಳನೆಯದರ ಮೇಲೆ ಪ್ರಸಂಗ ಕೇಳಿದ ನೆನಪು ನನಗೆ ಕಡಿಮೆ.

ಹಿರಿಯರು ಮಾರ್ಕನ 11:25 ತೆಗೆದರು. ನೀವು ಪ್ರಾರ್ಥನೆಗೆ ನಿಂತಾಗ ಯಾರ ಮೇಲಾದರೂ ಏನಾದರೂ ಇದ್ದರೆ ಕ್ಷಮಿಸಿರಿ ಅಂತ ಅಲ್ಲೂ ಯೇಸುವೇ ಹೇಳಿದ್ದಾನಲ್ಲ? ಹೌದು, ಹೇಳಿದ್ದಾನೆ. ಆ ವಚನವನ್ನು ನಾನು ಹರಿದು ಹಾಕುವುದಿಲ್ಲ. ಆಕೆ ಕ್ಷಮಿಸಬೇಕು, ಕ್ಷಮಿಸದೆ ಆಕೆಗೂ ಬಿಡುಗಡೆ ಇಲ್ಲ. ಆದರೆ ಆ ವಚನವನ್ನು ಯಾರು ಯಾರಿಗೆ ಹೇಳುತ್ತಿದ್ದೇವೆ ಅಂತ ನೋಡಬೇಕು. ಪಾಟ್ಲಿ ತೆಗೆದವನು ಪಾಟ್ಲಿ ಕಳೆದುಕೊಂಡವಳಿಗೆ ಕ್ಷಮಿಸು ಅಂತ ಸತ್ಯವೇದ ತೋರಿಸುವುದು ವಸೂಲಿಗೆ ಬಂದವರ ಹಾಗೆ ಕಾಣುತ್ತದೆ. ಅವನಿಗಾಗಿ ಮತ್ತಾಯನ 5 ಇದೆ. ಆಕೆಗಾಗಿ ಇರುವ ವಚನವನ್ನು ದೇವರು ಆಕೆಗೆ ತನ್ನ ಹೊತ್ತಿನಲ್ಲಿ ಹೇಳುತ್ತಾನೆ. ಇನ್ನೂ ಒಂದು ಮಾತಿದೆ. ಕ್ಷಮಿಸುವುದು ಬೇರೆ, ನಂಬುವುದು ಬೇರೆ. ಕ್ಷಮೆಯನ್ನು ಒಂದು ಸಂಜೆ ಕೊಡಬಹುದು. ನಂಬಿಕೆ ಹುಟ್ಟಲು ತಿಂಗಳು ತಿಂಗಳು ಲೆಕ್ಕ ಸರಿ ಬರಬೇಕು. ಇವೆರಡನ್ನೂ ಕಲಸಿ ಹೆಂಡತಿಯನ್ನು ವಾಪಸ್ ಕಳಿಸಿದ ಎಷ್ಟೋ ಮನೆಗಳು ಎರಡನೇ ಸಲ ಮುರಿದಾಗ ನನ್ನ ಹತ್ತಿರ ಬಂದಿವೆ.

ಕಾಣಿಕೆ ನಿಲ್ಲಿಸಿದ ಮಾತಿಗೆ ಬರುತ್ತೇನೆ. ಇದು ಸಭೆಯ ಕಮಿಟಿಯವರೆಗೂ ಹೋಯಿತು. ಸಾಲ ತೀರಲಿ ಅಂತ ಅವನು ಸಾಲ ಮಾಡಿಯೇ ಹರಕೆ ಕಾಣಿಕೆ ಕೊಡುತ್ತಿದ್ದ. ಯಾಜಕಕಾಂಡದ 6ನೇ ಅಧ್ಯಾಯ ಓದಿ. ನೆರೆಯವನನ್ನು ಮೋಸ ಮಾಡಿ ಏನಾದರೂ ತೆಗೆದುಕೊಂಡವನು ಮೂಲವನ್ನು ವಾಪಸ್ ಕೊಡಬೇಕು, ಅದಕ್ಕೆ ಐದನೇ ಒಂದು ಪಾಲು ಸೇರಿಸಬೇಕು, ಅದನ್ನು ಒಡೆಯನ ಕೈಗೇ ಕೊಡಬೇಕು. ಪ್ರಾಯಶ್ಚಿತ್ತದ ಬಲಿ ಆಮೇಲೆ. ಮಾರ್ಕನ 7ನೇ ಅಧ್ಯಾಯದಲ್ಲಿ ಯೇಸು ಸಿಟ್ಟಾದದ್ದು ಯಾರ ಮೇಲೆ? ತಂದೆ ತಾಯಿಗೆ ಕೊಡಬೇಕಾದದ್ದನ್ನು ಕೊರ್ಬಾನ್, ಅಂದರೆ ದೇವರಿಗೆ ಮೀಸಲು ಅಂತ ಹೇಳಿ ತಪ್ಪಿಸಿಕೊಂಡವರ ಮೇಲೆ. ಎಲೀಷನ ಹತ್ತಿರ ಅಳುತ್ತ ಬಂದ ವಿಧವೆಯ ಮನೆಯಲ್ಲಿ ಎಣ್ಣೆ ತುಂಬಿ ತುಳುಕಿದಾಗ ಪ್ರವಾದಿ ಹೇಳಿದ್ದು, ಹೋಗಿ ಎಣ್ಣೆ ಮಾರಿ ಸಾಲ ತೀರಿಸು, ಉಳಿದದ್ದರಲ್ಲಿ ನೀನೂ ಮಕ್ಕಳೂ ಬದುಕಿರಿ ಅಂತ. ಅದ್ಭುತ ನಡೆದ ಮನೆಯಲ್ಲೂ ಮೊದಲು ಸಾಲ ಕೊಟ್ಟವನ ಪಾಲು. ಲೂಕನ 19ರಲ್ಲಿ ಸುಂಕ ವಸೂಲಿಯ ಜಕ್ಕಾಯ, ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಅಂತ ಎದ್ದು ನಿಂತು ಹೇಳಿದ. ಈ ಹೊತ್ತು ಈ ಮನೆಗೆ ರಕ್ಷಣೆಯಾಯಿತು ಅಂತ ಯೇಸು ಅಂದದ್ದು ಅದಾದ ಮೇಲೆ. ಭಾನುವಾರದ ಸಾಮಾನ್ಯ ಕಾಣಿಕೆಯನ್ನು ನಾನು ಮುಟ್ಟಲಿಲ್ಲ, ಅದು ಅವರವರ ಮನಸ್ಸಿಗೆ ಬಿಟ್ಟದ್ದು. ಆದರೆ ಹೆಂಡತಿಯ ಪಾಟ್ಲಿ ಅಂಗಡಿಯಲ್ಲಿರುವಾಗ ದೇವರ ಹೆಸರಿನಲ್ಲಿ ದೊಡ್ಡ ಕವರು ಹಾಕುವುದನ್ನು ನಾನು ಒಪ್ಪುವುದಿಲ್ಲ, ಇವತ್ತಿಗೂ ಒಪ್ಪುವುದಿಲ್ಲ.

ಕಾನೂನಿನ ಮಾತು ಆಡಿದ್ದೂ ಹಿರಿಯರಿಗೆ ಹಿಡಿಸಲಿಲ್ಲ. ಹೆಂಡತಿ ಒಬ್ಬಳೇ ಬಂದಾಗ ಆಕೆಗೆ ಅದನ್ನು ಹೇಳಿದ್ದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಆರ್ಥಿಕ ದೌರ್ಜನ್ಯವನ್ನೂ ಒಳಗೊಂಡಿದೆ. ಹೆಂಡತಿಯ ಸ್ತ್ರೀಧನವನ್ನು, ಅಂದರೆ ಆಕೆಯ ಸ್ವಂತ ಒಡವೆ ವಸ್ತುವನ್ನು, ಆಕೆಯಿಂದ ಕಸಿದುಕೊಳ್ಳುವುದು ಅದರಲ್ಲಿ ಬರುತ್ತದೆ. ನಮ್ಮ 1869ರ ವಿಚ್ಛೇದನ ಕಾಯ್ದೆಯ ಮಾತಿನಂತೆ ಕ್ರೈಸ್ತ ಹೆಂಡತಿಗೆ ಬರೀ ಕ್ರೌರ್ಯದ ಕಾರಣಕ್ಕೆ ವಿಚ್ಛೇದನ ಸಿಗುತ್ತಿರಲಿಲ್ಲ, ಜೊತೆಗೆ ಗಂಡನ ವ್ಯಭಿಚಾರವೂ ಸಾಬೀತಾಗಬೇಕಿತ್ತು. ಗಂಡನಿಗಾದರೆ ಹೆಂಡತಿಯ ವ್ಯಭಿಚಾರ ಒಂದೇ ಸಾಕಿತ್ತು. 2001ರಲ್ಲಿ ತಿದ್ದುಪಡಿಯಾಗಿ ಆ ಭೇದ ಹೋಯಿತು. ಇಬ್ಬರ ಒಪ್ಪಿಗೆಯ ವಿಚ್ಛೇದನಕ್ಕೂ ಆಗಲೇ ದಾರಿಯಾಯಿತು. ಇದನ್ನೆಲ್ಲ ಹೇಳಿದ್ದು ಆಕೆಯನ್ನು ಕೋರ್ಟಿಗೆ ಕಳಿಸಲಿಕ್ಕಲ್ಲ. ಬೇರೆ ದಾರಿಯೇ ಇಲ್ಲ ಅಂತ ತಿಳಿದು ಗಂಡನ ಮನೆಗೆ ಹೋಗುವವಳು ಸೋತು ಹೋಗುತ್ತಾಳೆ. ದಾರಿ ಇದೆ ಅಂತ ಗೊತ್ತಿದ್ದೂ ಹೋಗುವವಳು ತಾನೇ ಆರಿಸಿಕೊಂಡು ಹೋಗುತ್ತಾಳೆ. ಮದುವೆಯ ದಿನ ವೇದಿಯ ಮುಂದೆ ನಮ್ಮನ್ನು ಕೇಳುವುದೂ ನಿನ್ನ ಸ್ವಂತ ಒಪ್ಪಿಗೆ ಇದೆಯಾ ಅಂತಲೇ ಅಲ್ವಾ?

ಇನ್ನು ದೇವರು ಕೂಡಿಸಿದ್ದನ್ನು ಮನುಷ್ಯರು ಅಗಲಿಸಬಾರದು ಅನ್ನುವ ಮಾತು. ಅದು ಸತ್ಯ. ನಾನೂ ಅದನ್ನೇ ಹಿಡಿದು ಈ ಕೆಲಸ ಮಾಡುತ್ತೇನೆ. ಆದರೆ ಮತ್ತಾಯನ 19ರಲ್ಲಿ ಯೇಸುವಿನ ಎದುರು ನಿಂತಿದ್ದವರು ಹೆಂಡತಿಯರಲ್ಲ. ಏನಾದರೂ ಒಂದು ಕಾರಣ ಹೇಳಿ ಹೆಂಡತಿಯನ್ನು ಬಿಡಬಹುದೇ ಅಂತ ಕೇಳಲು ಬಂದ ಫರಿಸಾಯರು, ಅಂದರೆ ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಹಿಡಿದ ಯೆಹೂದ್ಯರು, ಗಂಡಸರು. ಅವರಿಗೆ ಆ ಉತ್ತರ ಸಿಕ್ಕಿತು. ಬೀದಿಗೆ ಬೀಳಬಹುದಾದ ಹೆಂಗಸಿಗೆ ಆಸರೆಯಾಗಿ ಆಡಿದ ಮಾತನ್ನು ಆಕೆಯನ್ನೇ ಕಟ್ಟಿಹಾಕಲು ಬಳಸುತ್ತೇವೆ.

ಹಿರಿಯರು ಎಲ್ಲವನ್ನೂ ಒಪ್ಪಲಿಲ್ಲ. ಆದರೆ ಮುಂದಿನ ವಾರ ತಮ್ಮ ಕೈಗಡಕ್ಕೆ ಬಡ್ಡಿ ಬೇಡ, ಪಾಟ್ಲಿ ಬಿಡಿಸಿದ ಮೇಲೆ ಕೊಡಲಿ ಅಂತ ಹೇಳಿ ಕಳಿಸಿದರು. ಅವರ ಮೇಲೆ ನನಗೆ ಬಹಳ ಗೌರವ.

ಸಾಲದ ಕೆಲಸ ನಿಧಾನವಾಗಿ ನಡೆಯಿತು. ಆ್ಯಪ್‌ನವರ ಕಾಟಕ್ಕೆ ಮೊದಲು ತಡೆ ಹಾಕಬೇಕಿತ್ತು. ಸಾಲದ ಆ್ಯಪ್‌ಗಳು ಫೋನಿನ ಕಾಂಟ್ಯಾಕ್ಟ್ ಪಟ್ಟಿಗೆ, ಫೋಟೋಗಳಿಗೆ ಕೈ ಹಾಕುವಂತಿಲ್ಲ ಅಂತ ರಿಸರ್ವ್ ಬ್ಯಾಂಕು 2022ರ ಸೆಪ್ಟೆಂಬರಿನಲ್ಲೇ ನಿಯಮ ಮಾಡಿದೆ. ನೋಂದಣಿ ಇಲ್ಲದ ಸಾಲದ ಕಂಪನಿಗಳ ಮೇಲೆ ದೂರು ಕೊಡಲು ಅದರ ಸಚೇತ್ ಪೋರ್ಟಲ್ ಇದೆ, ಆನ್‌ಲೈನ್ ವಂಚನೆಗೆ 1930 ನಂಬರ್ ಇದೆ. ವಸೂಲಿ ಕಿರುಕುಳದ ವಿರುದ್ಧ ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೂ ತಂದಿತು. ಗಂಡ ಹೆಂಡತಿ ಜೊತೆಗೆ ಕೂತು ದೂರು ಬರೆದರು. ಬಹಳ ದಿನಗಳ ನಂತರ ಇಬ್ಬರೂ ಸೇರಿ ಮಾಡಿದ ಮೊದಲ ಕೆಲಸ ಅದು. ಜ್ಞಾನೋಕ್ತಿ 6ನೇ ಅಧ್ಯಾಯದಲ್ಲಿ, ನೆರೆಯವನಿಗೆ ಹೊಣೆಯಾಗಿ ಸಿಕ್ಕಿಬಿದ್ದಿದ್ದರೆ ನಾಚಿಕೆ ಬಿಟ್ಟು ಹೋಗಿ ಬೇಡಿಕೊ, ಕಣ್ಣಿಗೆ ನಿದ್ದೆ ಕೊಡಬೇಡ ಅಂತ ಇದೆ. ಅದರಂತೆ ಅವನು ಓಡಿಹೋದ ಗೆಳೆಯನ ಅಣ್ಣನ ಮನೆಗೆ ಹೋಗಿ ಕೂತ. ಸ್ವಲ್ಪ ದುಡ್ಡು ಬಂತು, ಪೂರ್ತಿ ಬರಲಿಲ್ಲ.

ಕರ್ತನ ಪ್ರಾರ್ಥನೆಯಲ್ಲಿ ಒಂದು ತೊಡಕು ಬಂತು. ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ ಅನ್ನುವ ಸಾಲು ಬಂದಾಗ ಆಕೆ ಸುಮ್ಮನಾಗುತ್ತಿದ್ದಳು. ಅವನು ಒಬ್ಬನೇ ಹೇಳುತ್ತಿದ್ದ. ಮುಂದಿನ ಸಾಲಿಗೆ ಆಕೆ ಮತ್ತೆ ಸೇರುತ್ತಿದ್ದಳು. "ಸುಳ್ಳು ಹೇಳಲಿಕ್ಕೆ ನಾಲಿಗಿ ಏಳವಲ್ದು ಅಕ್ಕಾರ" ಅಂದಳು. ಹೇಳಬೇಡ ಅಂದೆ. ದೇವರ ಮುಂದೆ ಸುಳ್ಳು ಹೇಳುವುದಕ್ಕಿಂತ ಆ ಸಾಲಿನಲ್ಲಿ ಬಾಯಿ ಮುಚ್ಚಿಕೊಂಡಿರುವುದು ಮೇಲು. ಅದರ ಬದಲು 55ನೇ ಕೀರ್ತನೆ ಓದಲು ಹೇಳಿದೆ. ನನಗೆ ಇದನ್ನು ಮಾಡಿದವನು ವೈರಿಯಾಗಿದ್ದರೆ ತಾಳಿಕೊಳ್ಳುತ್ತಿದ್ದೆ, ಆದರೆ ನೀನು ನನ್ನ ಆಪ್ತ, ದೇವರ ಮನೆಗೆ ಜೊತೆಯಾಗಿ ಹೋಗುತ್ತಿದ್ದೆವಲ್ಲ ಅಂತ ದಾವೀದ ಅಲ್ಲಿ ಗೋಳಾಡುತ್ತಾನೆ. ಆಕೆ ಅದನ್ನು ಗಂಡನ ಎದುರಿಗೇ ಗಟ್ಟಿಯಾಗಿ ಓದಿದಳಂತೆ. ಸತ್ಯವೇದ ತನ್ನ ಪರವಾಗಿಯೂ ಮಾತಾಡುತ್ತದೆ ಅಂತ ಆಕೆಗೆ ಮೊದಲ ಸಲ ಅನ್ನಿಸಿದ್ದು ಅಂದು. ಆವರೆಗೆ ಅದು ಗಂಡನ ಕಡೆಯವರ ಪುಸ್ತಕವಾಗಿತ್ತು.

ಗಂಡ ಆ ಮೌನವನ್ನು ವಾರ ವಾರ ಕೇಳಿಸಿಕೊಂಡ. ಒಮ್ಮೆಯೂ ಯಾಕೆ ಅಂತ ಕೇಳಲಿಲ್ಲ. ಅವನಲ್ಲಿ ದೇವರು ಕೆಲಸ ಮಾಡುತ್ತಿದ್ದಾನೆ ಅಂತ ನನಗೆ ಗೊತ್ತಾದದ್ದು ಇದರಿಂದ. ಮೊದಲಿನ ಮನುಷ್ಯನಾಗಿದ್ದರೆ ಎರಡನೇ ವಾರವೇ ಸಭಾಪಾಲಕರ ಹತ್ತಿರ ದೂರು ಹೋಗುತ್ತಿತ್ತು. ಲೆಕ್ಕ ಬರೆಯುವುದನ್ನು ಯಾರಾದರೂ ಕಲಿಸಬಹುದು. ತಪ್ಪು ಮಾಡಿ ಸಿಕ್ಕಿಬಿದ್ದವನು ನಾಚಿಕೆಯಿಂದ ಓಡಿಹೋಗದೆ, ಸಿಟ್ಟಿಗೇಳದೆ, ಹೆಂಡತಿಯ ಮೌನದ ಮುಂದೆ ತಾಳ್ಮೆಯಿಂದ ಕೂರಬೇಕಾದರೆ, ತನ್ನನ್ನು ದೇವರು ಕೈಬಿಟ್ಟಿಲ್ಲ ಅನ್ನುವ ಧೈರ್ಯ ಒಳಗೆ ಇರಬೇಕು. ಆ ಧೈರ್ಯ ಅವನಿಗೆ ಬಂದದ್ದು ಅದೇ ಕ್ಷಮೆಯಿಂದ. ದೇವರ ಕ್ಷಮೆ ಅವನನ್ನು ಹೆಂಡತಿಯ ಲೆಕ್ಕದಿಂದ ಬಿಡಿಸಲಿಲ್ಲ. ಆ ಲೆಕ್ಕದ ಮುಂದೆ ಕೂರುವ ಶಕ್ತಿ ಕೊಟ್ಟಿತು.

ಮಳೆಗಾಲದಲ್ಲಿ ಪಾಟ್ಲಿ ಮನೆಗೆ ಬಂತು. ಅದನ್ನು ಕೊಡುವಾಗ ಅವನು ಅಂಚೆ ಕಚೇರಿಯ ಒಂದು ಆರ್.ಡಿ. ಪಾಸ್‌ಬುಕ್ಕನ್ನೂ ಕೊಟ್ಟ. ಆಕೆಯ ಹೆಸರಿನಲ್ಲಿ ಮಾಡಿಸಿದ್ದು, ಐದನೇ ಒಂದು ಪಾಲು ತುಂಬುವವರೆಗೆ ಕಟ್ಟುತ್ತೇನೆ ಅಂದನಂತೆ. ಇದು ನನ್ನ ಸಲಹೆಯಲ್ಲ. ಯಾಜಕಕಾಂಡ ಓದಿ ಅವನೇ ಮಾಡಿದ್ದು. ಆದರೆ ಆ ದಿನವೂ ಆಕೆ ಪ್ರಾರ್ಥನೆಯ ಆ ಸಾಲನ್ನು ಹೇಳಲಿಲ್ಲ. ಹೇಳಿದ್ದು ಅದಾಗಿ ಎಷ್ಟೋ ವಾರಗಳ ನಂತರ, ವಿಶೇಷ ಏನೂ ಇಲ್ಲದ ಒಂದು ಶನಿವಾರ. ಯಾಕೆ ಅಂದು ಅಂತ ಕೇಳಿದೆ. "ಗೊತ್ತಿಲ್ಲ ಅಕ್ಕಾರ, ಬಾಯಾಗ ಬಂತು" ಅಂದಳು. ಶಾಲೆಯ ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಮಕ್ಕಳನ್ನು ಕರೆದುಕೊಂಡು ಧಾರವಾಡಕ್ಕೆ ಬಂದಳು.

ಇದನ್ನು ಓದಿ ಎಲ್ಲ ಮನೆಗೂ ಇದೇ ಸಲಹೆ ಅಂತ ತಿಳಿಯಬೇಡಿ. ಈ ಮನೆಯಲ್ಲಿ ಹೊಡೆತ ಇರಲಿಲ್ಲ, ಹೆದರಿಕೆ ಇರಲಿಲ್ಲ. ಮೊದಲ ದಿನವೇ ಆಕೆಯನ್ನು ಒಬ್ಬಳೇ ಕೂರಿಸಿ ಕೇಳಿ ಖಚಿತ ಮಾಡಿಕೊಂಡಿದ್ದೆ. ಕೈ ಎತ್ತುವ ಗಂಡನಿರುವ ಮನೆಯಲ್ಲಿ ಜೋಡಿಯಾಗಿ ಕೂರಿಸಿ ಮಾತಾಡಿಸುವುದೇ ತಪ್ಪು. ಇಲ್ಲಿ ಆಡಿದ ಮಾತಿಗೆ ಆಕೆ ಮನೆಯಲ್ಲಿ ಏಟು ತಿನ್ನಬೇಕಾಗುತ್ತದೆ. ಅಂಥವರಿಗೆ ನಾನು ಮೊದಲು ಹೇಳುವುದು ಸುರಕ್ಷಿತ ಜಾಗಕ್ಕೆ ಹೋಗು, ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡು ಅಂತ. ಒಂದಾಗುವ ಮಾತು ಆಮೇಲೆ, ಅದೂ ಆಕೆ ಕೇಳಿದರೆ. ಪ್ರಾರ್ಥನೆ ಮಾಡು, ಎಲ್ಲ ಸರಿಹೋಗುತ್ತದೆ ಅಂತ ಹೊಡೆಯುವವನ ಮನೆಗೆ ಹೆಣ್ಣುಮಕ್ಕಳನ್ನು ವಾಪಸ್ ಕಳಿಸುವ ಸಭಾಪಾಲಕರು, ಹಿರಿಯರು ಇದನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಬೇಕು.

ಇವರ ಸಾಲ ಇನ್ನೂ ಪೂರ್ತಿ ತೀರಿಲ್ಲ. ಸರ ಇನ್ನೂ ಅಂಗಡಿಯಲ್ಲೇ ಇದೆ. ಆದರೆ ಈ ಪ್ರಕರಣದಿಂದ ನಮ್ಮ ಸಭೆಯಲ್ಲಿ ಒಂದು ಪದ್ಧತಿ ಶುರುವಾಗಿದೆ. ಮದುವೆಯ ಪ್ರಕಟಣೆಯನ್ನು ಮೂರು ಭಾನುವಾರ ಚರ್ಚಿನಲ್ಲಿ ಓದುತ್ತೇವಲ್ಲ, ಅದಕ್ಕೂ ಮುಂಚೆ ಹುಡುಗ ಹುಡುಗಿ ಇಬ್ಬರೂ ತಮ್ಮ ಸಾಲದ ವಿವರ ಬರೆದು ಒಬ್ಬರಿಗೊಬ್ಬರು ಕೊಡಬೇಕು. ಕಾಗದ ಸಭೆಗೆ ಬೇಡ, ಅವರಿಬ್ಬರಲ್ಲೇ ಇರಲಿ. ಬರೆಯಲು ಸಹಾಯ ಮಾಡಲು ಈ ಗಂಡ ಹೆಂಡತಿಯೇ ಬಂದು ಕೂರುತ್ತಾರೆ. ಹೋದ ಸಲ ಒಬ್ಬ ಹುಡುಗ ಪೆನ್ನು ಹಿಡಿದುಕೊಂಡು ಕೇಳಿದ, "ಅಣ್ಣಾ, ದೋಸ್ತಗ ಜಾಮೀನು ಹಾಕಿದ್ದೂ ಬರೀಬೇಕೇನು?"

"ಅದನ್ನ ಮೊದಲ ಬರಿ" ಅಂದ ಇವನು.